ದಾಳ ಹಾಕಿ ಬೇಸ್‌ಬಾಲ್ ಆಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯಲ್ಲಿ ನನ್ನ ಮೇಜಿನ ಮೇಲೆ ಮೂರು ದಾಳ, ಒಂದು ಕಟ್ಟು ಕಾರ್ಡು, ಮೊಂಡಾದ ಒಂದು ಪೆನ್ಸಿಲ್ ಯಾವಾಗಲೂ ಬಿದ್ದಿರುತ್ತವೆ. ಬಂದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ನ್ಯೂಜೆರ್ಸಿಯಲ್ಲಿ ಕೆಲಸಕ್ಕಿದ್ದಾಗ ಅಂಟಿಕೊಂಡ ಹುಚ್ಚು ಇದು, ಊರಿಗೆ ಬಂದರೂ ಬಿಟ್ಟಿಲ್ಲ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಬರೆದಿಡೋಣ ಅಂತ ಕೂತೆ.

ಇದು ಇಸ್ಪೀಟೋ, ಬೇಸ್‌ಬಾಲೋ?

ಬೇಸ್‌ಬಾಲೇ. ಅಮೆರಿಕದ ಮೇಜರ್ ಲೀಗ್ ಆಟಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್. ಫೋಟೋ ನೋಡಿ ಖುಷಿಪಡುವ ಕಾರ್ಡ್ ಅಲ್ಲ, ಮೈತುಂಬ ಅಂಕಿ ಇರುವ ಕಾರ್ಡ್. ದಾಳ ಉರುಳಿಸಿ, ಬಿದ್ದ ಅಂಕಿಯನ್ನು ಕಾರ್ಡಿನಲ್ಲಿ ಹುಡುಕಿದರೆ ಹಿಟ್ (ಚೆಂಡು ಹೊಡೆದು ಬೇಸ್ ಅನ್ನುವ ನಿಲ್ದಾಣ ಮುಟ್ಟುವುದು) ಆಯಿತೋ, ಔಟ್ ಆಯಿತೋ ಗೊತ್ತಾಗುತ್ತದೆ. ಯಾರನ್ನು ಆಡಿಸಬೇಕು, ಚೆಂಡು ಎಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು, ಹೊಡೆತಕ್ಕೆ ಕಾಯದೆ ಓಡಿ ಬೇಸ್ ಕದಿಯೋಕೆ ಯಾರನ್ನು ಬಿಡಬೇಕು ಅನ್ನುವುದೆಲ್ಲ ನಿಮ್ಮ ಕೈಯಲ್ಲಿ. ನೀವೇ ಮ್ಯಾನೇಜರ್.

ಒಂದು ಮಾತು ಮೊದಲೇ ತಲೆಗೆ ಹಾಕಿಕೊಳ್ಳಿ. ಕಾರ್ಡ್ ಅಂದರೆ ಒಬ್ಬ ಆಟಗಾರ ಅಲ್ಲ, ಆ ಆಟಗಾರನ ಒಂದು ವರ್ಷ. 1961ರ ರೋಜರ್ ಮ್ಯಾರಿಸ್ ಕಾರ್ಡ್ 61 ಹೋಂ ರನ್ (ನಮ್ಮ ಸಿಕ್ಸರ್ ಥರ, ಚೆಂಡು ಮೈದಾನದಾಚೆ) ಹೊಡೆದವನದು. 1962ರ ಮ್ಯಾರಿಸ್ ಕಾರ್ಡ್ 33 ಹೊಡೆದವನದು. ಹೆಸರು ಒಂದೇ, ಕಾರ್ಡ್ ಬೇರೆ. ಈ ಆಟದ ಮಜಾ ಎಲ್ಲ ಇಲ್ಲೇ ಇದೆ.

ನಾವು ಸ್ಕೂಲಲ್ಲಿ ಆಡ್ತಿದ್ದ ಬುಕ್ ಕ್ರಿಕೆಟ್ ಥರಾನಾ?

ದೂರದ ಸಂಬಂಧಿ ಅನ್ನಬಹುದು. ಸಮಾಜ ಪುಸ್ತಕ ತೆಗೆದು, ಪುಟದ ಕೊನೇ ಅಂಕಿ ನೋಡಿ, ಸೊನ್ನೆ ಬಂದರೆ ಔಟ್. ಅಷ್ಟೇ ತಾನೆ? ಆದರೆ ಅಲ್ಲಿ ಜಿ.ಆರ್. ವಿಶ್ವನಾಥ್‌ಗೂ ಬಿ.ಎಸ್. ಚಂದ್ರಶೇಖರ್‌ಗೂ ಒಂದೇ ಪುಸ್ತಕ. ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದು ಬರೀ 167 ರನ್ ಮಾಡಿದ ಚಂದ್ರ, ಬುಕ್ ಕ್ರಿಕೆಟ್‌ನಲ್ಲಿ ಸುಮ್ನೆ ಸೆಂಚುರಿ ಹೊಡೆದುಬಿಡುತ್ತಿದ್ದರು. ಈ ಬೇಸ್‌ಬಾಲ್ ಆಟದಲ್ಲಿ ಹಾಗಾಗುವುದಿಲ್ಲ. ಚಂದ್ರಂಗೆ ಚಂದ್ರನ ಪುಸ್ತಕ, ವಿಶಿಗೆ ವಿಶಿಯ ಪುಸ್ತಕ.

ಕಾರ್ಡಿನೊಳಗೆ ಆ ಲೆಕ್ಕ ಹೇಗೆ ಕೂರಿಸುತ್ತಾರೆ?

ನನಗೆ ಅತಿ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಸ್ಟ್ರಾಟ್-ಒ-ಮ್ಯಾಟಿಕ್ ಅನ್ನುವ ಆಟವನ್ನೇ ತೆಗೆದುಕೊಳ್ಳೋಣ. ಮೂರು ದಾಳ, ಅದರಲ್ಲಿ ಒಂದರ ಬಣ್ಣ ಬೇರೆ. ಬ್ಯಾಟರ್ ಕಾರ್ಡಿನಲ್ಲಿ 1, 2, 3 ಅಂತ ಮೂರು ಕಾಲಂ. ಪಿಚರ್ ಕಾರ್ಡಿನಲ್ಲಿ 4, 5, 6. ಬೇರೆ ಬಣ್ಣದ ದಾಳ ಯಾವ ಕಾಲಂ ಅಂತ ಹೇಳುತ್ತದೆ. ಉಳಿದೆರಡನ್ನು ಕೂಡಿದರೆ 2ರಿಂದ 12ರವರೆಗೆ ಒಂದು ಸಂಖ್ಯೆ. ಆ ಸಾಲಿನಲ್ಲಿ ಏನು ಬರೆದಿದೆಯೋ ಅದೇ ಆಗುತ್ತದೆ.

ಅಂದರೆ ಅರ್ಧ ಸಲ ಬ್ಯಾಟರ್ ಕಾರ್ಡ್ ಮಾತಾಡುತ್ತದೆ, ಅರ್ಧ ಸಲ ಪಿಚರ್ ಕಾರ್ಡ್. ಈಗ ಒಂದು ತೊಡಕು. ಒಬ್ಬ ಬ್ಯಾಟರ್‌ನ ಸರಾಸರಿ .300 ಅನ್ನಿ, ಅಂದರೆ ನೂರಕ್ಕೆ ಮೂವತ್ತು ಸಲ ಹಿಟ್. ಆ ವರ್ಷ ಲೀಗಿನ ಸರಾಸರಿ .250. ಇವನ ಕಾರ್ಡಿನಲ್ಲಿ ಬರೀ .300 ಬರೆದರೆ, ಅರ್ಧ ಸಲ ಪಿಚರ್ ಕಾರ್ಡಿಗೆ ಹೋಗಿ .250 ಆಗಿ, ಕೊನೆಗೆ .275ಕ್ಕೆ ಇಳಿದುಬಿಡುತ್ತಾನೆ. ಹಾಗಾಗಿ ಕಾರ್ಡಿನಲ್ಲಿ ಅವನಿಗೆ .350 ಕೊಡಬೇಕು. .350 ಮತ್ತು .250 ಸೇರಿ ಅರ್ಧ ಮಾಡಿದರೆ .300. ಕಳಪೆ ಬ್ಯಾಟರ್‌ಗೆ ಇದು ಉಲ್ಟಾ: ನಿಜದಲ್ಲಿ .240 ಇದ್ದವನ ಕಾರ್ಡ್ .230ಕ್ಕೆ ಇಳಿಯುತ್ತದೆ. ವಾಕ್ (ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಫಸ್ಟ್ ಬೇಸ್) ಎಲ್ಲ ಬಿಟ್ಟು ಹೇಳುತ್ತಿದ್ದೇನೆ, ಆದರೆ ಒಳಗಿನ ಯೋಚನೆ ಇದೇ.

ಇನ್ನೊಂದು ಗುಟ್ಟು. ಎರಡು ದಾಳ ಕೂಡಿದಾಗ 7 ಬೀಳುವ ದಾರಿ 36ರಲ್ಲಿ ಆರು. 2 ಅಥವಾ 12 ಬೀಳುವುದು ಒಂದೊಂದೇ ದಾರಿ. 6, 7, 8 ಮೂರೂ ಸೇರಿದರೆ 36ರಲ್ಲಿ 16, ಅಂದರೆ ಶೇಕಡ 44. ಕಾರ್ಡ್ ಕೈಗೆ ಬಂದ ಕೂಡಲೇ ಆ ಮೂರು ಸಾಲು ನೋಡಿ. ಅಲ್ಲಿ ಹೋಂ ರನ್ ಇದ್ದರೆ ಬ್ಯಾಟಿಂಗ್ ಕ್ರಮದಲ್ಲಿ ಅವನನ್ನು ನಾಲ್ಕನೇ ಸ್ಥಾನಕ್ಕೆ ಹಾಕಿ. 2ರ ಸಾಲಿನಲ್ಲಿರುವ ಹೋಂ ರನ್ ಹೆಸರಿಗಷ್ಟೇ.

ಕೆಲವು ಸಾಲುಗಳಲ್ಲಿ ಇನ್ನೊಂದು ದಾಳ ಬೇಕಾಗುತ್ತದೆ, ಇಪ್ಪತ್ತು ಮುಖದ್ದು. 1ರಿಂದ 12 ಬಿದ್ದರೆ ಹೋಂ ರನ್, 13ರಿಂದ 20 ಬಿದ್ದರೆ ಡಬಲ್ (ಎರಡು ಬೇಸ್ ಸಿಗುವ ಹಿಟ್), ಹೀಗೆ. ಮೊದಲು ಇದಕ್ಕೆ 1ರಿಂದ 20ರವರೆಗೆ ಬರೆದ ಚೀಟಿ ಕಾರ್ಡುಗಳ ಕಟ್ಟು ಇರುತ್ತಿತ್ತು. ಪಿಚರ್ ಕಾರ್ಡಿನ ಕೆಲವು ಸಾಲುಗಳು ಫೀಲ್ಡರ್ ಹೇಗಿದ್ದಾನೆ ಅಂತ ಕೇಳುತ್ತವೆ. ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಒಳ್ಳೆಯ ಶಾರ್ಟ್‌ಸ್ಟಾಪ್ ಬೆಲೆ ಆಗ ಗೊತ್ತಾಗುವುದು.

ಇದನ್ನೆಲ್ಲ ಶುರು ಮಾಡಿದ್ದು ಯಾರು?

ಒಬ್ಬರಲ್ಲ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಕ್ಲಿಫರ್ಡ್ ವ್ಯಾನ್ ಬೀಕ್ ಅನ್ನುವವರು 1930ರ ಹೊತ್ತಿಗೆ 'ನ್ಯಾಷನಲ್ ಪಾಸ್‌ಟೈಮ್' ಅಂತ ಒಂದು ಆಟ ತಂದರು. ನಿಜವಾದ ಆಟಗಾರರ ಕಾರ್ಡ್, ಎರಡು ದಾಳ. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ, ಆಟ ನೆಲಕಚ್ಚಿತು. ಅದನ್ನು ಆಡಿದ ಹುಡುಗರಲ್ಲಿ ಪೆನ್ಸಿಲ್ವೇನಿಯದ ರಿಚರ್ಡ್ ಸೈಟ್ಜ್ ಒಬ್ಬರು. ಗೆಳೆಯರು ಸೇರಿ ಒಂದು ಲೀಗ್ ಮಾಡಿಕೊಂಡಿದ್ದರು, ಹೆಸರು ಅಮೆರಿಕನ್ ಪ್ರೊಫೆಷನಲ್ ಬೇಸ್‌ಬಾಲ್ ಅಸೋಸಿಯೇಷನ್. ಹುಡುಗರ ಲೀಗಿಗೆ ಎಷ್ಟು ದೊಡ್ಡ ಹೆಸರು ನೋಡಿ! 1951ರಲ್ಲಿ ಸೈಟ್ಜ್ ಆ ಆಟವನ್ನೇ ತಿದ್ದಿ ತೀಡಿ ಲ್ಯಾಂಕಾಸ್ಟರ್‌ನಿಂದ ಅಂಚೆಯಲ್ಲಿ ಮಾರಲು ಶುರು ಮಾಡಿದರು. ಆ ಉದ್ದ ಹೆಸರಿನ ಮೊದಲಕ್ಷರಗಳೇ ಆಟದ ಹೆಸರಾಯಿತು: ಆಪ್‌ಬಾ.

ನಡುವೆ 1941ರಲ್ಲಿ ಈಥನ್ ಆಲನ್ ಬಂದರು. ಇವರು ಸ್ವತಃ 13 ವರ್ಷ ಮೇಜರ್ ಲೀಗ್ ಆಡಿದವರು. ಇವರ 'ಆಲ್-ಸ್ಟಾರ್ ಬೇಸ್‌ಬಾಲ್'ನಲ್ಲಿ ದಾಳ ಇಲ್ಲ. ಒಬ್ಬೊಬ್ಬನಿಗೆ ಒಂದು ದುಂಡನೆ ರಟ್ಟಿನ ಬಿಲ್ಲೆ. ಅದನ್ನು ಸಿಕ್ಕಿಸಿ ಮುಳ್ಳು ತಿರುಗಿಸಬೇಕು. ಹೋಂ ರನ್ ಜಾಸ್ತಿ ಹೊಡೆದವನ ಬಿಲ್ಲೆಯಲ್ಲಿ ಆ ಭಾಗ ಅಗಲ. ಚಿಕ್ಕ ಮಗುವಿಗೂ ಅರ್ಥವಾಗುತ್ತದೆ. ಒಂದೇ ಕೊರತೆ: ಎದುರಿಗೆ ಎಂಥ ಪಿಚರ್ ಇದ್ದರೂ ಬ್ಯಾಟರ್‌ಗೆ ವ್ಯತ್ಯಾಸ ಇಲ್ಲ. ಆಲನ್ ಆಮೇಲೆ ಯೇಲ್ ವಿಶ್ವವಿದ್ಯಾಲಯದ ಕೋಚ್ ಆದರು. ಅವರ ಕೈಕೆಳಗೆ ಆಡಿದ ಹುಡುಗರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ದೊಡ್ಡ ಜಾರ್ಜ್ ಬುಷ್.

ಆ ಕೊರತೆ ಹ್ಯಾಲ್ ರಿಚ್‌ಮನ್ ಅನ್ನುವ ನ್ಯೂಯಾರ್ಕ್ ಹುಡುಗನಿಗೆ ಕಂಡಿತ್ತು. ಹನ್ನೊಂದನೇ ವಯಸ್ಸಿನಲ್ಲೇ ದಾಳ ಉರುಳಿಸಿ ಉರುಳಿಸಿ, ಯಾವ ಅಂಕಿ ಎಷ್ಟು ಸಲ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಬಕ್‌ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ, 1961ರಲ್ಲಿ ಸ್ಟ್ರಾಟ್-ಒ-ಮ್ಯಾಟಿಕ್ ಹೊರತಂದರು. ಮೊದಲ ಸೆಟ್‌ನಲ್ಲಿ ಇದ್ದದ್ದು 80 ಆಟಗಾರರು ಮಾತ್ರ. ವ್ಯಾಪಾರ ಕುಂಟುತ್ತಿದ್ದಾಗ ಅಪ್ಪನ ಹತ್ತಿರ 5,000 ಡಾಲರ್ ಸಾಲ ಕೇಳಿದರು. ಅಪ್ಪನ ಷರತ್ತು: ಇದೂ ಮುಳುಗಿದರೆ ಬಂದು ನನ್ನ ಇನ್ಶೂರೆನ್ಸ್ ಕೆಲಸಕ್ಕೆ ಸೇರು. ನಮ್ಮೂರ ಅಪ್ಪಂದಿರ ಥರಾನೇ ಅಲ್ವಾ? ಮುಳುಗಲಿಲ್ಲ. ಆಮೇಲಾಮೇಲೆ ಹೊಸ ಕಾರ್ಡು ಬಿಡುಗಡೆಯಾಗುವ ದಿನ ನ್ಯೂಯಾರ್ಕ್ ರಾಜ್ಯದ ಗ್ಲೆನ್ ಹೆಡ್ ಊರಿನ ಅವರ ಕಂಪನಿ ಕಟ್ಟಡದ ಮುಂದೆ ಜನ ಚಳಿಗಾಲದಲ್ಲಿ ಸಾಲು ನಿಲ್ಲುತ್ತಿದ್ದರು.

ಆಪ್‌ಬಾನಾ, ಸ್ಟ್ರಾಟಾ? ಯಾವುದು ಒಳ್ಳೇದು?

ಈ ಪ್ರಶ್ನೆಗೆ ಅಮೆರಿಕದಲ್ಲಿ ಸ್ನೇಹಗಳೇ ಮುರಿದಿವೆ. ಆಪ್‌ಬಾದಲ್ಲಿ ಒಂದು ದೊಡ್ಡ ಕೆಂಪು ದಾಳ, ಒಂದು ಚಿಕ್ಕ ಬಿಳಿ ದಾಳ. ಕೂಡಿಸುವ ಹಾಗಿಲ್ಲ. ಕೆಂಪು 4, ಬಿಳಿ 2 ಅಂದರೆ 42. ಹೀಗೆ 11ರಿಂದ 66ರವರೆಗೆ 36 ಸಂಖ್ಯೆ, ಎಲ್ಲಕ್ಕೂ ಸಮಾನ ಅವಕಾಶ. ಕಾರ್ಡಿನಲ್ಲಿ 42ರ ಪಕ್ಕ ಇನ್ನೊಂದು ಸಂಖ್ಯೆ ಇರುತ್ತದೆ. ಅದನ್ನು ಹಿಡಿದುಕೊಂಡು ಬೋರ್ಡ್ ನೋಡಬೇಕು. ಬೇಸ್ ಖಾಲಿ ಇದ್ದರೆ ಒಂದು ಬೋರ್ಡ್, ಫಸ್ಟ್ ಬೇಸ್‌ನಲ್ಲಿ ಒಬ್ಬನಿದ್ದರೆ ಇನ್ನೊಂದು, ಒಟ್ಟು ಎಂಟು ಸ್ಥಿತಿ. ಪಿಚರ್‌ಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ. ದರ್ಜೆ ಮೇಲಿದ್ದಷ್ಟೂ ಕೆಲವು ಹಿಟ್‌ಗಳು ಔಟ್ ಆಗುತ್ತವೆ. ಹಳೇ ಆಪ್‌ಬಾದವರಿಗೆ ಬೋರ್ಡ್ ನೋಡುವುದೇ ಬೇಡ. ಕಾರ್ಡಿನ ಆ ಎರಡನೇ ಸಂಖ್ಯೆ 13 ಅಂದರೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್), 14 ಅಂದರೆ ವಾಕ್, ಮಗ್ಗಿ ಥರ ಬಾಯಿಗೆ ಬರುತ್ತದೆ. ದಾಳದಲ್ಲಿ 66 ಬಿತ್ತೆಂದರೆ ಪಗಡೆಯಲ್ಲಿ ಗರ ಬಿದ್ದ ಹಾಗೆ ಕೂಗುತ್ತಾರೆ.

ನನ್ನ ಮಾತು ಕೇಳಿದರೆ ಸ್ಟ್ರಾಟ್. ಪಿಚರ್ ಮತ್ತು ಬ್ಯಾಟರ್ ಎದುರುಬದುರು ನಿಂತ ಹಾಗೆ ಅನ್ನಿಸುವುದು ಅಲ್ಲಿ. ಆಪ್‌ಬಾ ಕೈಗೆ ಕೂತಮೇಲೆ ಓಡುತ್ತದೆ, ಅದು ನಿಜ.

ಬೇರೆ ಆಟಗಳಿಲ್ವಾ?

ಬೇಕಾದಷ್ಟಿವೆ. ಸ್ಟಾಟಿಸ್ ಪ್ರೋ ಆಟದಲ್ಲಿ ದಾಳದ ಬದಲು ಕಾರ್ಡಿನ ಕಟ್ಟು ತಿರುವುತ್ತಾ ಹೋಗಬೇಕು. ಅದನ್ನು ಮಾರುತ್ತಿದ್ದ ಅವಲಾನ್ ಹಿಲ್ ಕಂಪನಿ 1998ರಲ್ಲಿ ಬೇರೆಯವರ ಕೈಗೆ ಹೋಯಿತು, ಆದರೆ ಅಭಿಮಾನಿಗಳು ಬಿಟ್ಟಿಲ್ಲ. ಪರ್ಸ್ಯೂ ದ ಪೆನೆಂಟ್‌ನಲ್ಲಿ ಹತ್ತು ಮುಖದ ಮೂರು ದಾಳ, 000ರಿಂದ 999. ಒಂದೊಂದು ಮೈದಾನದ ಗೋಡೆಗೂ ಬೇರೆ ಲೆಕ್ಕ ಇಟ್ಟ ಆಟ ಅದು. ಕೊಂಡುಕೊಳ್ಳದೆಯೂ ಆಡಿದವರಿದ್ದಾರೆ. ಸಾಹಿತಿ ಜ್ಯಾಕ್ ಕೆರುವ್ಯಾಕ್ ಹುಡುಗನಾಗಿದ್ದಾಗ ತಾನೇ ಒಂದು ಕಾರ್ಡ್ ಬೇಸ್‌ಬಾಲ್ ಕಟ್ಟಿಕೊಂಡು, ತಂಡಗಳಿಗೆ ಕಾರುಗಳ ಹೆಸರಿಟ್ಟಿದ್ದರು. ಪಿಟ್ಸ್‌ಬರ್ಗ್ ಪ್ಲಿಮತ್ಸ್, ಬಾಸ್ಟನ್ ಫೋರ್ಡ್ಸ್. ದೊಡ್ಡವರಾದಮೇಲೂ ಆಡುತ್ತಿದ್ದರು.

ನನಗೆ ಬೇಸ್‌ಬಾಲ್ ನಿಯಮವೇ ಗೊತ್ತಿಲ್ಲ. ಆಡಬಹುದಾ?

ಆಡಬಹುದು. ನಾನು ಬೇಸ್‌ಬಾಲ್ ಕಲಿತದ್ದೇ ಈ ಆಟದಿಂದ. ಟಿವಿಯಲ್ಲಿ ನೋಡಿದಾಗ ತಲೆಬುಡ ತಿಳಿಯುತ್ತಿರಲಿಲ್ಲ. ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ತಂಡಕ್ಕೆ ಮೂರು ಔಟ್, ನಾಲ್ಕು ಬೇಸ್ ಸುತ್ತಿದರೆ ಒಂದು ರನ್. ಶುರುಮಾಡೋಕೆ ಇಷ್ಟು ಸಾಕು. ಡಬಲ್ ಪ್ಲೇ, ಸ್ಯಾಕ್ರಿಫೈಸ್ ಎಲ್ಲ ಆಡುತ್ತಾ ಆಡುತ್ತಾ ಬರುತ್ತದೆ.

ಸ್ಕೋರ್ ಬರೆಯುವುದನ್ನು ಮಾತ್ರ ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಔಟ್‌ಫೀಲ್ಡ್ ಎಡದಿಂದ 7, 8, 9. ಶಾರ್ಟ್‌ಸ್ಟಾಪ್ ಹಿಡಿದು ಸೆಕೆಂಡ್‌ಗೆ, ಅಲ್ಲಿಂದ ಫಸ್ಟ್‌ಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ 6-4-3. ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ 'ಕೆ' ಅಕ್ಷರ. ಅದನ್ನು ರೂಢಿಗೆ ತಂದವರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಬೇಸ್‌ಬಾಲಿನ ಸ್ಕೋರ್ ಪಟ್ಟಿಯಲ್ಲಿ ಕ್ರಿಕೆಟ್ಟಿನ ನೆರಳು ಕಂಡರೆ ಆಶ್ಚರ್ಯ ಬೇಡ.

ಒಬ್ಬನೇ ಆಡಬಹುದಾ? ಮೋಸ ಮಾಡಬೇಕು ಅನ್ನಿಸಲ್ವಾ?

ಬಹಳಷ್ಟು ಜನ ಒಬ್ಬರೇ ಆಡುವುದು. ಮೋಸ ಮಾಡಬೇಕು ಅನ್ನಿಸುತ್ತದೆ, ಯಾಕೆ ಅನ್ನಿಸಲ್ಲ? ಇಷ್ಟದ ತಂಡ ಒಂದು ರನ್‌ನಿಂದ ಸೋಲುತ್ತಿರುವಾಗ ದಾಳ ಮೇಜಿನಿಂದ ಕೆಳಗೆ ಉರುಳಿದರೆ ಮನಸ್ಸು ಡೋಲಾಯಮಾನ. ಅದಕ್ಕೇ ಮೊದಲೇ ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳಿ: ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಅಷ್ಟೇ. ಎರಡೂ ತಂಡದ ಬ್ಯಾಟಿಂಗ್ ಕ್ರಮವನ್ನೂ, ಪಿಚರ್‌ನನ್ನು ಯಾವಾಗ ತೆಗೆಯಬೇಕು ಅನ್ನುವುದನ್ನೂ ಆಟಕ್ಕೆ ಮುಂಚೆಯೇ ಬರೆಯಿರಿ.

ಎಷ್ಟು ಹೊತ್ತು ಹಿಡಿಯುತ್ತದೆ?

ಕೈ ಪಳಗಿದಮೇಲೆ ಒಂದು ಪಂದ್ಯಕ್ಕೆ ಅರ್ಧ ಗಂಟೆ. ಹೊಸದರಲ್ಲಿ ಒಂದು ಗಂಟೆ ದಾಟುತ್ತದೆ.

ಆದರೆ ಹುಚ್ಚು ಹಿಡಿದವರು ಇಡೀ ಸೀಸನ್ ಆಡುತ್ತಾರೆ, ಅದಕ್ಕೆ ರಿಪ್ಲೇ ಅನ್ನುತ್ತಾರೆ. ಈಗಿನ ಮೇಜರ್ ಲೀಗ್‌ನಲ್ಲಿ 30 ತಂಡ, ತಲಾ 162 ಪಂದ್ಯ, ಒಟ್ಟು 2,430. ಪಂದ್ಯಕ್ಕೆ ಅರ್ಧ ಗಂಟೆ ಅಂದರೂ 1,215 ಗಂಟೆ. ದಿನಕ್ಕೊಂದು ಗಂಟೆ ಕೂತರೆ ಮೂರು ವರ್ಷದ ಮೇಲೆ! ಬುದ್ಧಿವಂತರು ಒಂದೇ ತಂಡ ಹಿಡಿದು ಅದರ 162 ಪಂದ್ಯ ಮಾತ್ರ ಆಡುತ್ತಾರೆ. ನಾನು ಮೊದಲು ದೊಡ್ಡದಕ್ಕೇ ಕೈ ಹಾಕಿ, ಮೇ ತಿಂಗಳ ಪಂದ್ಯಗಳಿಗೆ ಬರುವಷ್ಟರಲ್ಲಿ ಕೈಬಿಟ್ಟೆ.

ನಿಜವಾಗಿ ನಡೆದ ಹಾಗೇ ಬರುತ್ತದಾ?

ಹತ್ತಿರ ಬರುತ್ತದೆ, ಹಾಗೇ ಬರುವುದಿಲ್ಲ. ಬರಲೂಬಾರದು. .300 ಬ್ಯಾಟರ್‌ನ ಕಾರ್ಡ್ ಎಷ್ಟೇ ಸರಿಯಾಗಿ ಮಾಡಿದ್ದರೂ, 550 ಸಲ ಆಡಿಸಿದರೆ ಬರೀ ಅದೃಷ್ಟದಿಂದಲೇ ಇಪ್ಪತ್ತು ಅಂಕ ಆಚೀಚೆ ಆಗುತ್ತದೆ. ಮೂರರಲ್ಲಿ ಎರಡು ಸಲ ಅವನು .280 ಮತ್ತು .320ರ ನಡುವೆ ಇರುತ್ತಾನೆ, ಮೂರನೇ ಸಲ ಅದರಾಚೆ. ಬೇಬ್ ರೂತ್ 1927ರಲ್ಲಿ 60 ಹೋಂ ರನ್ ಹೊಡೆದ. ನಿಮ್ಮ ರಿಪ್ಲೇಯಲ್ಲಿ 53 ಬಂದರೆ ಕಾರ್ಡ್ ತಪ್ಪಲ್ಲ, 67 ಬಂದರೂ ತಪ್ಪಲ್ಲ.

ನಿಜದ 60 ಕೂಡ ಹಾಗೇ ಬಿದ್ದ ಒಂದು ಗರ ಇರಬಹುದು. ರಾತ್ರಿ ಹೊತ್ತು ಇದನ್ನು ಜಾಸ್ತಿ ಯೋಚಿಸಬೇಡಿ, ನಿದ್ದೆ ಬರಲ್ಲ.

ಮೊದಲು ಯಾವ ವರ್ಷದ ಸೆಟ್ ತಗೊಳ್ಳಲಿ?

ನಿಮಗೆ ಯಾವ ತಂಡದ ಮೇಲಾದರೂ ಪ್ರೀತಿ ಇದ್ದರೆ ಅದು ಗೆದ್ದ ವರ್ಷ. ಇಲ್ಲದಿದ್ದರೆ ನನ್ನ ಆಯ್ಕೆ 1968. ಅದು ಪಿಚರ್‌ಗಳ ವರ್ಷ. ಸೇಂಟ್ ಲೂಯಿಸ್‌ನ ಬಾಬ್ ಗಿಬ್ಸನ್, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ, ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.12 ರನ್ ಮಾತ್ರ ಕೊಟ್ಟ. ಡೆಟ್ರಾಯಿಟ್‌ನ ಡೆನಿ ಮೆಕ್ಲೇನ್ 31 ಪಂದ್ಯ ಗೆದ್ದ. ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ .300 ದಾಟಿದ್ದು ಕಾರ್ಲ್ ಯಾಸ್ಟ್ರೆಮ್ಸ್ಕಿ ಒಬ್ಬನೇ, ಅದೂ .301. ಬ್ಯಾಟರ್‌ಗಳ ಗೋಳು ನೋಡಲಾಗದೆ ಮುಂದಿನ ವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಹೊಸಬರಿಗೆ ಇದು ಯಾಕೆ ಒಳ್ಳೆಯದು ಅಂದರೆ, ರನ್ ಕಮ್ಮಿ, ಪಂದ್ಯ ಬೇಗ ಮುಗಿಯುತ್ತದೆ, ಒಂದೊಂದು ರನ್‌ಗೂ ತಲೆ ಓಡಿಸಬೇಕು.

ಎರಡನೆಯದಾಗಿ ಸ್ಟ್ರಾಟ್‌ನವರು 2009ರಲ್ಲಿ ತಂದ ನೀಗ್ರೋ ಲೀಗ್ ಸೆಟ್. ಬಣ್ಣದ ಕಾರಣಕ್ಕೆ ಮೇಜರ್ ಲೀಗ್ ಒಳಗೆ ಬಿಡದ ಆಟಗಾರರು ಇವರು. ಸ್ಯಾಚೆಲ್ ಪೇಜ್, ಜಾಷ್ ಗಿಬ್ಸನ್. ಇವರ ಅಂಕಿಗಳು ಮೇಜರ್ ಲೀಗ್ ದಾಖಲೆಗೆ ಸೇರಿದ್ದು 2024ರಲ್ಲಿ. ಸೇರಿದ ಕೂಡಲೇ ಜಾಷ್ ಗಿಬ್ಸನ್‌ನ .372 ಬ್ಯಾಟಿಂಗ್ ಸರಾಸರಿ ಸಾರ್ವಕಾಲಿಕ ಮೊದಲ ಸ್ಥಾನಕ್ಕೆ ಹೋಯಿತು. ಮೇಜಿನ ಮೇಲೆ ಅವನು ಅದಕ್ಕೆ ಹದಿನೈದು ವರ್ಷ ಮೊದಲೇ ಎಲ್ಲರ ಜೊತೆ ಆಡುತ್ತಿದ್ದ.

ಕಂಪ್ಯೂಟರ್ ಒಂದು ಸೆಕೆಂಡಲ್ಲಿ ಮಾಡೋ ಕೆಲಸಕ್ಕೆ ಇಷ್ಟೆಲ್ಲ ಯಾಕೆ?

ಕಂಪ್ಯೂಟರ್ ಆವೃತ್ತಿಯೂ ಇದೆ, ಆಡಿ. 2020ರಲ್ಲಿ ಕೊರೋನಾದಿಂದ ಸೀಸನ್ ನಿಂತಾಗ ಸ್ಟ್ರಾಟ್‌ನವರು ದಿನಾ ಪಂದ್ಯ ನಡೆಸಿ ಫಲಿತಾಂಶ ಹಾಕುತ್ತಿದ್ದರು, ಜನ ಅದನ್ನೇ ಕಾದು ನೋಡುತ್ತಿದ್ದರು. 1981ರಲ್ಲಿ ಆಟಗಾರರ ಮುಷ್ಕರದಿಂದ, ಸ್ಟಾರ್‌ಗಳೆಲ್ಲ ಸೇರಿ ಆಡುವ ಆಲ್-ಸ್ಟಾರ್ ಪಂದ್ಯ ನಿಗದಿಯಾದ ದಿನ ನಡೆಯದಿದ್ದಾಗ, ಕ್ಲೀವ್‌ಲ್ಯಾಂಡ್‌ನ ಖಾಲಿ ಮೈದಾನದಲ್ಲಿ ಮೇಜು ಹಾಕಿ ದಾಳದಲ್ಲೇ ಆ ಪಂದ್ಯ ಆಡಿದರು. ನನಗೆ ಎರಡನೆಯದು ಇಷ್ಟ. ಕಾರಣ ಕೇಳಬೇಡಿ.

ಹಳೇ ಸೆಟ್ ಕೊಳ್ಳುವಾಗ ಏನು ನೋಡಬೇಕು?

ಮೊದಲು ಎಣಿಸಿ. ಹಿಂದೆ ಆಪ್‌ಬಾ, ಸ್ಟ್ರಾಟ್ ಎರಡೂ ಕಂಪನಿಯವರು ತಂಡಕ್ಕೆ 20 ಕಾರ್ಡ್ ಕೊಟ್ಟು, ಹೆಚ್ಚಿನ ಆಟಗಾರರನ್ನು ಬೇರೆ ಮಾರುತ್ತಿದ್ದರು. ಕಳೆದುಹೋಗುವುದು ಯಾವಾಗಲೂ ಸ್ಟಾರ್‌ಗಳೇ. ಯಾವುದೋ ಹುಡುಗ ಮಿಕ್ಕಿ ಮ್ಯಾಂಟಲ್‌ನನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರುತ್ತಾನೆ. ನಾನು ಒಮ್ಮೆ 'ಪೂರ್ತಿ ಸೆಟ್' ಅಂತ ನಂಬಿ ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿದೆ. ಬಂದ ಪೆಟ್ಟಿಗೆಯಲ್ಲಿ ಹದಿನಾಲ್ಕು ಕಾರ್ಡ್ ಇರಲಿಲ್ಲ, ಅಷ್ಟೂ ಒಳ್ಳೆಯ ಆಟಗಾರರೇ. ಮಾರಿದವನು ಉತ್ತರವನ್ನೇ ಕೊಡಲಿಲ್ಲ. ಅಂದಿನಿಂದ ದುಡ್ಡು ಕೊಡುವ ಮುಂಚೆ ತಂಡವಾರು ಹರಡಿದ ಫೋಟೋ ಕೇಳುತ್ತೇನೆ.

ಆಮೇಲೆ ಅಂಚು ನೋಡಿ. ರಬ್ಬರ್ ಬ್ಯಾಂಡ್ ಕಚ್ಚಿದ ಗುರುತು ಇದ್ದೇ ಇರುತ್ತದೆ, ಆಡೋಕೆ ತೊಂದರೆ ಇಲ್ಲ. ಆಪ್‌ಬಾ ಆದರೆ ತಂಡದ ಲಕೋಟೆಗಳಿವೆಯಾ ಅಂತ ನೋಡಿ. ಸ್ಟ್ರಾಟ್ ಆದರೆ ಕಾರ್ಡಿನ ಹಿಂಬದಿ ತಿರುಗಿಸಿ. 1972ರಲ್ಲಿ ಸುಧಾರಿತ ಆಟ ಬಂತು. ಎಡಗೈ, ಬಲಗೈ ಪಿಚರ್‌ಗಳ ಎದುರು ಬೇರೆ ಬೇರೆ ಅಂಕಿ ಇರುವ ಮುಖ ಅದು. ಅದಿಲ್ಲದಿದ್ದರೆ ಸರಳ ಆಟ ಮಾತ್ರ ಆಡಬಹುದು.

ಪೆನ್ಸಿಲ್ ಗುರುತಿದ್ದರೆ ಬೆಲೆ ಇಳಿಯುತ್ತದೆ. ನಾನು ಅಂಥದ್ದನ್ನೇ ಹುಡುಕಿ ಕೊಳ್ಳುತ್ತೇನೆ. ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ನನ್ನ ಮೊದಲ ಪೆಟ್ಟಿಗೆಯ ತಳದಲ್ಲಿ ಹಳೇ ಮಾಲೀಕನ ಸ್ಕೋರ್ ಹಾಳೆಗಳಿದ್ದವು. ಮಗುವಿನ ಅಕ್ಷರ, ಪ್ರತಿ ಹೋಂ ರನ್‌ಗೂ ಒಂದು ನಕ್ಷತ್ರ. ಒಂದು ಹಾಳೆಯ ಮೂಲೆಯಲ್ಲಿ 'ಅಣ್ಣ ಮೋಸ ಮಾಡಿದ' ಅನ್ನುವ ಅರ್ಥದ ಮಾತು ಗೀಚಿತ್ತು.

ಮೂಲ ಮುದ್ರಣವಾ, ಮರುಮುದ್ರಣವಾ?

ಆಡೋಕೆ ಮರುಮುದ್ರಣ. ಹಳೇ ವರ್ಷಗಳನ್ನು ಸ್ಟ್ರಾಟ್‌ನವರು ಮತ್ತೆ ಲೆಕ್ಕ ಹಾಕಿ, ಸುಧಾರಿತ ಅಂಕಿಗಳ ಸಮೇತ ತಂದಿದ್ದಾರೆ. ಅರವತ್ತರ ದಶಕದ ಮೂಲ ಸೆಟ್‌ಗಳು ವಿರಳ, ದುಬಾರಿ, ಅಂಕಿಯೂ ಕಮ್ಮಿ. ಗಾಜಿನ ಕಪಾಟಿನಲ್ಲಿ ಇಡೋಕೆ ಅಷ್ಟು ದುಡ್ಡು ಕೊಡುವವರನ್ನು ನಾನು ಬೈಯುವುದಿಲ್ಲ, ಆದರೆ ಅವರ ಜೊತೆ ಮಾತಾಡೋಕೆ ನನಗೆ ವಿಷಯ ಸಿಗುವುದಿಲ್ಲ.

ಮುಂದೆ ಬೆಲೆ ಏರುತ್ತದಾ? ಹೂಡಿಕೆ ಅಂತ ತಗೊಳ್ಳಬಹುದಾ?

ಸೈಟ್ ತಗೊಳ್ಳಿ.

ನಮ್ಮ ಹವೆಗೆ ಕಾರ್ಡು ಉಳಿಯುತ್ತವಾ?

ಉಳಿಸಬಹುದು. ನಾನು ಊರಿಗೆ ತಂದ ಮೊದಲ ಮಳೆಗಾಲದಲ್ಲೇ ರಬ್ಬರ್ ಬ್ಯಾಂಡ್‌ಗಳು ಕರಗಿ ಕಾರ್ಡಿಗೆ ಅಂಟಿಕೊಂಡವು. ಕೀಳಲು ಹೋದರೆ ಅಂಕಿಯೂ ಕಿತ್ತು ಬಂತು. ಈಗ ಕಾಗದದ ಪಟ್ಟಿ ಸುತ್ತಿ, ತಂಡಕ್ಕೊಂದು ಲಕೋಟೆಯಲ್ಲಿ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದೇನೆ. ಜೊತೆಗೆ ಹೊಸ ಬ್ಯಾಗು, ಶೂ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಚೀಲಗಳು. ಬಾಗಿದ ಕಾರ್ಡನ್ನು ದಪ್ಪ ನಿಘಂಟಿನ ಕೆಳಗೆ ಒಂದು ವಾರ ಇಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ಇಲ್ಲಿಂದಲೇ, ಕಮ್ಮಿ ಖರ್ಚಿನಲ್ಲಿ ಶುರು ಮಾಡೋದು ಹೇಗೆ?

ಪೆಟ್ಟಿಗೆ ತರಿಸಿದರೆ ಸಾಗಣೆ, ಸುಂಕ ಸೇರಿ ಆಟಕ್ಕಿಂತ ಅದೇ ಭಾರವಾಗಬಹುದು. ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸೇ ಒಳ್ಳೆಯ ದಾರಿ. ಕಾರ್ಡ್ ಚಿಕ್ಕದು, ಉಪ್ಪಿನಕಾಯಿ ಥರ ಸೋರುವುದೂ ಇಲ್ಲ. ಅಲ್ಲಿಯವರೆಗೆ 'ಡೆಡ್‌ಬಾಲ್' ಅನ್ನುವ ಆಟ ನೋಡಿ, ಪಿಡಿಎಫ್ ಆಗಿಯೇ ಸಿಗುತ್ತದೆ. ಕಾರ್ಡ್ ಬೇಡ, ಆಟಗಾರನ ಸರಾಸರಿ ಗೊತ್ತಿದ್ದರೆ ಸಾಕು. .280 ಬ್ಯಾಟರ್ ಅಂದರೆ ಗುರಿ 28. 1ರಿಂದ 100ರವರೆಗೆ ಅಂಕಿ ಕೊಡುವ ದಾಳ ಹಾಕಿ, ಪಿಚರ್‌ನ ದಾಳದ ಅಂಕಿ ಸೇರಿಸಿ, 28 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಹಿಟ್. ಪಿಚರ್ ಒಳ್ಳೆಯವನಾದಷ್ಟೂ ಅವನ ದಾಳ ದೊಡ್ಡದು.

ಎಂಥ ದಾಳ ಬೇಕು?

ಆರು ಮುಖದ್ದು ಎಲ್ಲಿ ಬೇಕಾದರೂ ಸಿಗುತ್ತದೆ, ಮಕ್ಕಳ ಲೂಡೋ ಡಬ್ಬಿಯಿಂದ ಕದ್ದರೂ ನಡೆಯುತ್ತದೆ. ಇಪ್ಪತ್ತು ಮುಖದ್ದು ಆನ್‌ಲೈನ್‌ನಲ್ಲಿ ತರಿಸಿ. ಉರುಳಿಸೋಕೆ ಅಂಚಿರುವ ತಟ್ಟೆ ಬೇಕು, ಒಳಗೆ ಹಳೇ ಟವೆಲ್ ಹಾಸಿ. ರಾತ್ರಿ ಹನ್ನೊಂದರ ಮೇಲೆ ಬರೀ ಸ್ಟೀಲ್ ತಟ್ಟೆಯಲ್ಲಿ ದಾಳ ಹಾಕಬೇಡಿ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ಕೇಳಿಹೋಗಿದ್ದಾರೆ.